ಬೂದು ಸಿಪಿಲೆಯ ಪುಟ

ಬೀದಿಯವರಿಗೆ ಅವಳು ಅಂಟಕ್ಕ. ಮೂವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿ, ಬೆರಳ ಸಂದಿಯಲ್ಲಿ ಸದಾ ಅಂಟು ಒಣಗಿರುತ್ತಿದ್ದುದರಿಂದ ಬಂದ ಹೆಸರು. ಸಾವಿರಾರು ಪುಸ್ತಕಗಳು ಅವಳ ಕೈ ದಾಟಿ ಹೋಗಿದ್ದವು. ಓದಿದ್ದು ಒಂದೂ ಇಲ್ಲ. "ಓದ್ತಾ ಕೂತ್ರೆ ಹೊಲಿಗೆ ತಪ್ಪುತ್ತೆ" ಎಂದು ಕೆಲಸ ಕಲಿಸಿದ ಅಪ್ಪ ಹೇಳಿದ್ದ. ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು.

ಐವತ್ತಮೂರನೆಯ ವಯಸ್ಸಿನಲ್ಲಿ ಅದನ್ನು ಮೀರಬೇಕಾಯಿತು. ಗ್ರಂಥಾಲಯದ ಮೇಡಂ ಹಕ್ಕಿಗಳ ಕೈಪಿಡಿಯೊಂದನ್ನು ಟವೆಲಿನಲ್ಲಿ ಸುತ್ತಿ ತಂದರು. ಹಾಳೆಗಳೆಲ್ಲ ಬಿಡಿಬಿಡಿ. ಹಿಂದೆ ಯಾರೋ ಅಂಚು ಕತ್ತರಿಸುವ ಭರದಲ್ಲಿ ಪುಟಸಂಖ್ಯೆಗಳನ್ನೂ ಹಾರಿಸಿಬಿಟ್ಟಿದ್ದರು. ಬರಹದ ಹಾಳೆಗಳಲ್ಲಿ ಹಕ್ಕಿಯ ಹೆಸರಿತ್ತು. ಬಣ್ಣದ ಹಾಳೆಗಳಲ್ಲಿ ಬರೀ ಹಕ್ಕಿ.

"ಯಾವ ಚಿತ್ರ ಯಾವ ಬರಹದ ಎದುರಿಗೆ ಬರ್ಬೇಕು ಅಂತ ನನಗೂ ಗೊತ್ತಿಲ್ಲ ಅಕ್ಕಾ. ಓದಿ ಜೋಡಿಸ್ಬೇಕು. ಆಗುತ್ತಾ?"

"ಬಿಟ್ಟು ಹೋಗಿ, ನೋಡೋಣ."

ಕಾಗೆ, ಗುಬ್ಬಿ, ಗೂಬೆ ಸುಲಭವಾಗಿ ಜೋಡಿಯಾದವು. ಆಮೇಲೆ ಬರಹ ಏನೇನೋ ಕೇಳತೊಡಗಿತು. ಕೊಕ್ಕು ದಪ್ಪವೋ, ತೆಳುವೋ? ಕಣ್ಣಿನ ಮೇಲೆ ಬಿಳಿ ಗೆರೆ ಇದೆಯೋ? ನಿಂತಾಗ ಬಾಲ ಆಡಿಸುತ್ತದೆಯೋ? ಬಾಲ ಆಡಿಸುವುದು ಚಿತ್ರದಲ್ಲಿ ಕಾಣುವುದಾದರೂ ಹೇಗೆ? ಅಂಟಕ್ಕ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಳು.

ಕತ್ತರಿಸುವ ಯಂತ್ರದ ಮುಂದಿದ್ದ ಗಂಡ ಎರಡು ದಿನ ನೋಡಿ, "ಪುಸ್ತಕ ಕಟ್ತಿದ್ದೀಯೋ, ಹಕ್ಕಿಗಳಿಗೆ ಸಂಬಂಧ ನೋಡ್ತಿದ್ದೀಯೋ?" ಎಂದ.

"ಎರಡೂ ಒಂದೇ ಆಗಿದೆ ರೀ."

ವಾರದ ಕೊನೆಗೆ ಹೊಲಿಗೆ ಮುಗಿಯಿತು, ಪುಸ್ತಕದ ಬೆನ್ನಿಗೆ ಬಟ್ಟೆಯೂ ಅಂಟಿತು. ಮೇಡಂ ಬರಬೇಕಿದ್ದ ದಿನ ಬೆಳಿಗ್ಗೆ ಎದುರು ಮನೆಯ ನೀರಿನ ತೊಟ್ಟಿ ತುಂಬಿ ಹರಿಯುತ್ತಿತ್ತು. ಆ ನೀರಿನಂಚಿನಲ್ಲಿ ತೆಳ್ಳಗಿನ ಹಕ್ಕಿಯೊಂದು ಓಡಾಡುತ್ತಿತ್ತು. ಬೂದು ಬೆನ್ನು, ಬಾಲದಡಿ ಹಳದಿ. ನಿಂತಾಗಲೆಲ್ಲ ಉದ್ದನೆಯ ಬಾಲ ಮೇಲೆ ಕೆಳಗೆ ತೂಗುತ್ತಿತ್ತು.

ಅವಳು ಪುಸ್ತಕ ತೆರೆದಳು. ಬಾಲ ತೂಗುವ ಹಕ್ಕಿಗಳಲ್ಲಿ ಬೂದು ಸಿಪಿಲೆ, ಹಳದಿ ಸಿಪಿಲೆ ಎಂದು ಎರಡು ಬರಹಗಳಿದ್ದವು; ಎರಡು ಚಿತ್ರಗಳಲ್ಲೂ ಹೊಟ್ಟೆ ಹಳದಿಯೇ. ಬೆನ್ನಿನ ಬಣ್ಣ ಮಾಸಿ ಬೂದಾಗಿ ಕಂಡ ಚಿತ್ರವನ್ನೇ ಬೂದು ಸಿಪಿಲೆಯೆಂದು ಹೊಲಿದಿದ್ದಳು. ಆದರೆ ಅದರ ಬಾಲ ಗಿಡ್ಡ. ಬರಹ ಹೇಳುತ್ತಿದ್ದುದು ಬಹಳ ಉದ್ದದ ಬಾಲ. ಬಣ್ಣ ಮಾಸಬಹುದು, ಬಾಲದ ಉದ್ದ ಮಾಸುವುದಿಲ್ಲವಲ್ಲ.

"ಅದಲು ಬದಲಾಗಿದೆ. ಬಿಚ್ಬೇಕು," ಎಂದಳು.

"ಇಷ್ಟು ಚೆನ್ನಾಗಿ ಕೂತಿರೋದನ್ನ ಯಾಕೆ ಬಿಚ್ತೀಯಾ? ಯಾರಿಗೆ ಗೊತ್ತಾಗುತ್ತೆ?"

"ಪುಸ್ತಕ ನಂಬ್ಕೊಂಡು ಹಕ್ಕಿ ಹುಡುಕೋಕೆ ಹೋದವ್ರಿಗೆ ಗೊತ್ತಾಗುತ್ತೆ."

ಗಂಡ ಒದ್ದೆ ಬಟ್ಟೆ ತಂದು ಬೆನ್ನಿನ ಅಂಟನ್ನು ನೆನೆಸಿದ. ಅವಳು ದಾರ ಬಿಚ್ಚಿದಳು.

ಮಧ್ಯಾಹ್ನ ಬಂದ ಮೇಡಂಗೆ ಸಿಕ್ಕಿದ್ದು ಬಿಚ್ಚಿಟ್ಟ ಪುಸ್ತಕ ಮತ್ತು ಬಾಲದ ಕಥೆ. ಕೇಳಿದ ಮೇಲೆ ಅವರು ಸಿಟ್ಟಾಗುವುದನ್ನು ಬಿಟ್ಟು ಕಿಟಕಿಯ ಬಳಿ ಕೂತರು. ಅರ್ಧ ಗಂಟೆ ಕಾದರೂ ಸಿಪಿಲೆ ಬರಲಿಲ್ಲ.

"ಕಾಲುವೆ ಹತ್ರ ಇರುತ್ತಂತೆ, ಇದರಲ್ಲೇ ಬರೆದಿದೆ," ಎಂದಳು ಅಂಟಕ್ಕ.

"ಹಾಗಾದ್ರೆ ಭಾನುವಾರ ಹೋಗೋಣ್ವಾ?"

ಹೊಸ ಹೊಲಿಗೆಯ ಕೈಪಿಡಿಯನ್ನು ಚೀಲದಲ್ಲಿಟ್ಟುಕೊಂಡು ಇಬ್ಬರೂ ಹೋದರು. ಅಂದು ಮೂರು ಸಿಪಿಲೆಗಳು ಕಂಡವು. ಆಮೇಲೆ ಭಾನುವಾರ ತಪ್ಪಿಸಿದ್ದು ಕಡಿಮೆ. ಕಂಡದ್ದನ್ನೆಲ್ಲ ಬರೆಯಲು ಅಂಟಕ್ಕ ಉಳಿದ ಕಾಗದದ ತುಂಡುಗಳಿಂದ ಅಂಗೈಯಗಲದ ಪುಸ್ತಕವೊಂದನ್ನು ಹೊಲಿದುಕೊಂಡಳು. ನಾಲ್ಕು ವರ್ಷಗಳಲ್ಲಿ ಅದರಲ್ಲಿ ಅರವತ್ತೊಂದು ಹೆಸರುಗಳಾದವು.

ಕಳೆದ ತಿಂಗಳು ಜೊಂಡಿನಲ್ಲಿ ಕಂಡ ಮಣ್ಣುಬಣ್ಣದ ಪುಟ್ಟ ಹಕ್ಕಿಗೆ ಮಾತ್ರ ಹೆಸರು ಸಿಕ್ಕಿಲ್ಲ. ಮೇಡಂ ಇನ್ನೂ ದೊಡ್ಡ ಕೈಪಿಡಿ ತರಿಸಿ ತಿರುವಿದರು. "ಮರಿ ಇರ್ಬೋದು ಅಕ್ಕಾ, ಮರಿಗಳ ಬಣ್ಣ ಬೇರೆ ಇರುತ್ತಂತೆ."

"ದೊಡ್ಡದಾಗ್ಲಿ ಬಿಡಿ, ಆಮೇಲೆ ಕೇಳೋಣ," ಎಂದು ಅಂಟಕ್ಕ ಅರವತ್ತೆರಡರ ಮುಂದೆ ಜಾಗ ಖಾಲಿ ಬಿಟ್ಟಳು.