ಎರಡು ಬೆಂಕಿಗೆ ಒಬ್ಬ ಲಿಂಗಸ್ವಾಮಿ

ನಲ್ಗೊಂಡ ಸೀಮೆಯ ನಮ್ಮ ಊರಿನಲ್ಲಿ ಲಿಂಗಸ್ವಾಮಿ ಒಂದೇ ಹೊತ್ತಿಗೆ ಎರಡು ಅಕ್ಕಿ ಗಿರಣಿಗಳಲ್ಲಿ ಕೆಲಸ ಮಾಡುತ್ತಿದ್ದ. ಮೈ ಕಾಲುವೆ ದಂಡೆಯ ಗಿರಣಿಯಲ್ಲಿ, ಹೆಸರು ಮಾತ್ರ ರೈಲು ಗೇಟಿನ ಗಿರಣಿಯಲ್ಲಿ. ಭತ್ತ ಬೇಯಿಸುವ ಹಬೆಯ ಬಾಯ್ಲರ್ ನೋಡಿಕೊಳ್ಳುವ ಪರವಾನಗಿ ಅವನಿಗಿತ್ತು; ಅಂಥವನಿಲ್ಲದೆ ಗಿರಣಿ ನಡೆಸುವಂತಿರಲಿಲ್ಲ. ವಾರಕ್ಕೊಮ್ಮೆ ಗೇಟಿನ ಗಿರಣಿಗೆ ಹೋಗಿ ಹಾಜರಿ ಪುಸ್ತಕದಲ್ಲಿ ಏಳು ದಿನದ ಸಹಿ ಹಾಕಿ ಬರುತ್ತಿದ್ದ. ಅಲ್ಲಿ ಬೆಂಕಿಗೆ ಹೊಟ್ಟು ತಳ್ಳುವ ಈದಮ್ಮನಿಗೆ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ನೋಡುವುದನ್ನು ಅವನೇ ಕಲಿಸಿದ್ದ. ಈ ಎರಡನೇ ಸಂಬಳ ಮಗಳ ನರ್ಸಿಂಗ್ ಓದು ಮುಗಿಯುವವರೆಗೆ ಮಾತ್ರ ಎಂದು ಹೆಂಡತಿಗೆ ಹೇಳಿದ್ದ. ಓದು ಮುಗಿದು ಎರಡು ವರ್ಷವಾಗಿತ್ತು.

ಒಂದು ಮಧ್ಯಾಹ್ನ ಈದಮ್ಮನ ಫೋನ್ ಬಂತು.

"ತಮ್ಮಾ, ಕೊಳವೇಲಿ ನೀರೇ ಕಾಣ್ತಿಲ್ಲ."

"ಎಷ್ಟು ಹೊತ್ತಾಯ್ತಕ್ಕಾ?"

"ಉಂಡು ಬಂದು ನೋಡ್ದೆ. ಧಣಿ ಪಂಪ್ ಹಾಕು ಅಂತವ್ರೆ."

ನೀರು ಆರಿ ಕಾದು ಕೆಂಪಾದ ಬಾಯ್ಲರಿಗೆ ತಣ್ಣೀರು ಬಿದ್ದರೆ ಸಿಡಿಯುತ್ತದೆ. ಅಲ್ಲಿ ಗೋಡೆಯಾಚೆ ಭತ್ತ ಹರವುವ ಹನ್ನೊಂದು ಮಂದಿ ಹೆಂಗಸರು.

"ಪಂಪ್ ಮುಟ್ಬೇಡ! ಹೊಟ್ಟು ನಿಲ್ಸು. ಎಲ್ರನ್ನೂ ರಸ್ತೆಗೆ ಕಳ್ಸು."

ಫೋನ್ ಅಲ್ಲಿನ ಧಣಿ ಪುರುಷೋತ್ತಮನ ಕೈಗೆ ಹೋಯಿತು. "ಭತ್ತ ಅರೆಬೆಂದು ನಿಂತದೆ. ಅಲ್ಲಿ ಕೂತ್ಕೊಂಡು ಇಲ್ಲಿಂದು ನಿಂಗೇನಯ್ಯಾ ಕಾಣುತ್ತೆ?"

"ಏನೂ ಕಾಣಲ್ಲ ಧಣಿ. ಅದಕ್ಕೇ ಹೇಳ್ತಿರೋದು."

"ಪುಸ್ತಕದಲ್ಲಿ ನೀನು ಇಲ್ಲೇ ಇದ್ದೀಯ. ಏನಾದ್ರೂ ಆದ್ರೆ ನಿನ್ನ ತಲೆ ಮೇಲೆ."

"ನನ್ನ ತಲೆ ಮೇಲೇ ಇರ್ಲಿ. ಪಂಪ್ ಹಾಕ್ಬೇಡಿ!"

ಮಾತು ಕಡಿಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ಓಡಬೇಕೆಂದು ಬಾಗಿಲಿಗೆ ಬಂದವನು ತಿರುಗಿ ನೋಡಿದ. ಇಲ್ಲಿಯ ಬಾಯ್ಲರ್ ಪೂರ್ತಿ ಹಬೆಯಲ್ಲಿತ್ತು. ಬಿಟ್ಟು ಹೋದರೆ ಇದಕ್ಕೂ ಯಾರೂ ಇಲ್ಲ. ಸಲಾಕೆ ತೆಗೆದುಕೊಂಡು ಒಲೆಯ ಬೆಂಕಿಯನ್ನು ಹೊರಕ್ಕೆ ಎಳೆಯತೊಡಗಿದ. ಕೈ ಇಲ್ಲಿ, ಕಿವಿ ಗೇಟಿನ ದಿಕ್ಕಿಗೆ. ಬೆಂಕಿ ಮುಗಿಯುತ್ತಲೇ ಇರಲಿಲ್ಲ.

ಈ ಗಿರಣಿಯ ಧಣಿ ಜಗನ್ನಾಥಂ ಓಡಿ ಬಂದ. "ಹುಚ್ಚು ಹಿಡೀತೇನೋ? ಬಾಯ್ಲರ್ ಕೆಟ್ಟಿದ್ಯಾ?"

"ಬಾಯ್ಲರ್ ಸರಿಯಾಗೇ ಇದೆ. ನಾನು ಗೇಟಿನ ಗಿರಣೀಲೂ ಸಹಿ ಹಾಕ್ತಿದ್ದೆ ಧಣಿ. ಅಲ್ಲೀದು ಒಣಗಿದೆ."

ಜಗನ್ನಾಥಂ ಅವನನ್ನು ಹೊಸಬನನ್ನು ನೋಡುವಂತೆ ನೋಡಿದ. "ಹೋದ್ರೆ ಮತ್ತೆ ಬರ್ಬೇಡ."

ಕೊನೆಯ ಕೆಂಡ ಎಳೆದು, ಹೊರಗಿನ ಕೆಂಡದ ರಾಶಿಗೆ ನೀರು ಚೆಲ್ಲಿ, ಲಿಂಗಸ್ವಾಮಿ ಬೈಕ್ ಹತ್ತಿದ.

ಗೇಟಿನ ಗಿರಣಿಯ ಮುಂದೆ, ರಸ್ತೆಯಲ್ಲಿ, ಹೆಂಗಸರು ನಿಂತಿದ್ದರು. ಎಣಿಸಿದ, ಹನ್ನೊಂದು. ಈದಮ್ಮ ಇರಲಿಲ್ಲ.

"ಒಳಗವ್ಳೆ," ಎಂದಳು ಒಬ್ಬಳು. "ಧಣಿ ಪಂಪ್ ಹಾಕದಂಗೆ ಅಡ್ಡ ನಿಂತವ್ಳೆ."

ಒಳಗೆ ಈದಮ್ಮ ಪಂಪಿನ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಿದ್ದಳು, ಕೈಯಲ್ಲಿ ಹೊಟ್ಟು ತಳ್ಳುವ ಸಲಿಕೆ. ಎದುರಿಗಿದ್ದ ಪುರುಷೋತ್ತಮನಿಗೆ ಬೈದು ಬೈದು ದನಿ ಬಿದ್ದುಹೋಗಿತ್ತು.

"ಬಂದ್ಯಾ ತಮ್ಮಾ? ಕಾಗದದಲ್ಲಿ ನೀನು, ಬೆಂಕಿ ಮುಂದೆ ನಾನು. ಚೆನ್ನಾಗಿದೆ ನಿನ್ನ ನೌಕರಿ."

ಲಿಂಗಸ್ವಾಮಿ ಸಲಿಕೆಗೆ ಕೈ ಚಾಚಿದ. ಅವಳು ಕೂಡಲೇ ಕೊಡಲಿಲ್ಲ.

"ಹೋಗಕ್ಕಾ. ಇನ್ನು ನಾನಿರ್ತೀನಿ."

ಅವಳು ಸಲಿಕೆ ಕೊಟ್ಟು ಹೊರಗೆ ಹೋದಳು. ಬಾಯ್ಲರಿನ ಕಬ್ಬಿಣ ಆರುವವರೆಗೆ, ಹೊತ್ತು ಇಳಿಯುವವರೆಗೆ, ಅವನು ಪಂಪಿನ ಮುಂದಿನ ಆ ಜಾಗ ಬಿಟ್ಟು ಕದಲಲಿಲ್ಲ.