ಅಜ್ಜಿಯ ಮೇಲಿನ ಗೆರೆ

ಮೊನ್ನೆ ಹಳೆಯ ಕಡತ ತೆಗೆದಾಗ ಒಂದು ಹಾಳೆಯ ಮೇಲೆ ಎಲೆ‑ಅಡಿಕೆಯ ಕೆಂಪು ಬೆರಳಚ್ಚು ಕಂಡಿತು. ಇಳಕಲ್ಲಿನ ನೇಕಾರರ ಮನೆಯ ಅಜ್ಜಿಯದು...

ಆಗ ನಾನು ಬಾಗಲಕೋಟೆಯಿಂದ ಊರೂರಿಗೆ ಹೋಗಿ ಜನರ ಜೊಲ್ಲು ಸಂಗ್ರಹಿಸುತ್ತಿದ್ದೆ. ನೆಂಟರ ಮುಂದೆ ಹೇಳಿಕೊಳ್ಳುವಂಥ ನೌಕರಿಯಲ್ಲ. ಆಟಿಸಂ ಇರುವ ಮಕ್ಕಳ ಕುಟುಂಬಗಳಲ್ಲಿ, ಸಂಶಯವಿದ್ದ ಕೆಲವು ಜೀನುಗಳ ಪರೀಕ್ಷೆ ನಡೆದಿತ್ತು. ಅಜ್ಜಿಯ ಮೊಮ್ಮಗಳು ಮಾತಾಡುತ್ತಿರಲಿಲ್ಲ. ಮಗ್ಗದ ಪಕ್ಕ ಕೂತು ರೇಷ್ಮೆ ಉಂಡೆಗಳನ್ನು ಬಣ್ಣ ನೋಡಿ ಸಾಲಾಗಿ ಜೋಡಿಸುತ್ತಿದ್ದಳು. ತಪ್ಪೆಲ್ಲ ಹುಡುಗಿಯ ತಾಯಿಯದೇ, ಅಜ್ಜಿಯ ಸೊಸೆಯದೇ ಎಂದು ಅಜ್ಜಿಯ ಮೈದುನರು ಆಗಲೇ ತೀರ್ಮಾನಿಸಿದ್ದರು. ವರದಿ ಬಂದೊಡನೆ ಅವಳನ್ನು ತವರಿಗೆ ಅಟ್ಟುವುದೊಂದೇ ಬಾಕಿಯಿತ್ತು.

ಅಜ್ಜಿಯ ಜೊಲ್ಲು ಮೂರು ಸಲವೂ ಕೆಂಪಗೇ ಬಂತು. ಅರ್ಧ ತಾಸು ಏನೂ ತಿನ್ನಬಾರದೆಂದರೆ, "ತಂಬಾಕ ಏನ್ ಊಟೇನ?" ಎಂದಳು. ಆಮೇಲೆ ವಂಶವೃಕ್ಷ ಬರೆಯುವಾಗ ತಪ್ಪುವ ಸರದಿ ನನ್ನದು. ಗಂಡಸಿಗೆ ಚೌಕ, ಹೆಂಗಸಿಗೆ ಸುತ್ತು, ತೀರಿಕೊಂಡವರ ಮೇಲೆ ಅಡ್ಡಗೆರೆ. ತೀರಿಹೋಗಿದ್ದ ಅಜ್ಜನ ಗೆರೆಯನ್ನು ಅಜ್ಜಿಯ ಸುತ್ತಿನ ಮೇಲೆ ಎಳೆದುಬಿಟ್ಟೆ.

"ಚಾ ಮಾಡಿ ಕೊಟ್ಟೇನಿ, ನೀ ನನ್ನ ಕೊಂದ ಬಿಟ್ಟಿಯಲ್ಲವಾ" ಎಂದಳು. ಪೆನ್ಸಿಲ್ ಗೆರೆ ಪೂರ್ತಿ ಅಳಿಸುವವರೆಗೂ ನನ್ನನ್ನು ಬಿಡಲಿಲ್ಲ.

ವರದಿ ಒಯ್ದ ದಿನ ಮೈದುನರೆಲ್ಲ ಸಾಲಾಗಿ ಕೂತಿದ್ದರು. ಸೊಸೆ ಕಂಬಕ್ಕೊರಗಿ ನಿಂತಿದ್ದಳು. ಪರೀಕ್ಷಿಸಿದ ಜೀನುಗಳಲ್ಲಿ ಏನೂ ಸಿಕ್ಕಿಲ್ಲ, ಯಾರ ಕಡೆಯಿಂದ ಬಂತೆಂದು ಹೇಳಲಾಗದು, ಯಾರ ತಪ್ಪೂ ಅಲ್ಲ ಎಂದೆ. ದೊಡ್ಡ ಮೈದುನ ಗಂಟಲು ಸರಿಪಡಿಸಿಕೊಂಡು, "ಆದ್ರೂ ತವರಿಗೆ ಹೋಗಲಿ ಬಿಡ್ರಿ" ಎಂದ.

ಅಜ್ಜಿ ಅಂಗಳಕ್ಕೆ ಹೋಗಿ ಉಗುಳಿ, ಬಾಯಿ ಒರೆಸಿಕೊಂಡು ಬಂದು, ಅದೇ ಬೆರಳನ್ನು ವಂಶವೃಕ್ಷದ ಹಾಳೆಯಲ್ಲಿ ಸೊಸೆಯ ಸುತ್ತಿನ ಮೇಲೆ ಒತ್ತಿದಳು.

"ಇಕಿ ನಮ್ಮಣ್ಣನ ಮಗಳು. ಇಕಿ ತವರಮನಿ ಅಂದ್ರ ನನ್ನ ತವರಮನಿನೂ ಹೌದು. ಕಳಸ್ರಿ, ನಾನೂ ಜೋಡಿ ಹೋಗ್ತೇನಿ. ಸೆರಗ ಯಾರ ಕೂಡಸ್ತೀರಿ ನೋಡ್ತೇನಿ."

ಸೀರೆಯ ಮೈಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಲು ಆ ಮನೆಯಲ್ಲಿ ಬರುತ್ತಿದ್ದದ್ದು ಅತ್ತೆ ಸೊಸೆ ಇಬ್ಬರಿಗೇ. ದೊಡ್ಡ ಮೈದುನ ತವರಿನ ಮಾತು ಬಿಟ್ಟು ಚಹಾ ಕೇಳಿದ. ಸೊಸೆ ಒಳಗೆ ಹೋಗಿ ಒಲೆ ಹಚ್ಚಿದಳು.

ಮೊನ್ನೆ ಫೋನ್ ಮಾಡಿದವಳೂ ಆ ಸೊಸೆಯೇ, ಅದೇ ಮನೆಯಿಂದ. ಅಜ್ಜಿ ತೀರಿಹೋಗಿ ತಿಂಗಳಾಯಿತಂತೆ. ಮಗಳು ಈಗ ಕೊಂಡಿ ಹಾಕುತ್ತಾಳಂತೆ, ಒಂದೆಳೆಯೂ ತಪ್ಪುವುದಿಲ್ಲವಂತೆ...

ಯಾರಾದರೂ ತೀರಿಕೊಂಡರೆ ಕಡತ ಸರಿಪಡಿಸಬೇಕಾದದ್ದು ನಿಯಮ. ಅಂದು ಅಳಿಸಿದ ಗೆರೆಯ ಗುರುತು ಅಜ್ಜಿಯ ಸುತ್ತಿನ ಮೇಲೆ ಇನ್ನೂ ಸಣ್ಣಗೆ ಉಳಿದಿತ್ತು. ಅದರ ಮೇಲೆಯೇ ಪೆನ್ಸಿಲ್ ಇಟ್ಟು ಎಳೆದೆ. ಈ ಸಲ ಬೈಯುವವರು ಇರಲಿಲ್ಲ. ನನಗೆ ಅಳು ಬಂತು.