ಸೋರಿಕೆ ಗುಮಾಸ್ತನ ಜೀಪು

ನನ್ನ ಷಡ್ಡಕ ನೀರು ಸರಬರಾಜು ಕಚೇರಿಯ ಸೋರಿಕೆ ದೂರು ವಿಭಾಗದಲ್ಲಿ ಗುಮಾಸ್ತನಾಗಿದ್ದು, ೨೦೧೦ರ ಜುಲೈ ೩೧ರಂದು ನಿವೃತ್ತನಾದ. ಆತನ ಕಾಲದಲ್ಲಿ ಊರಿನ ಒಂದು ಕೊಳಾಯಿಯ ಸೋರಿಕೆಯಾದರೂ ನಿಂತಿತೆಂದು ಹೇಳುವವರನ್ನು ನಾನು ಕಂಡಿಲ್ಲ. ಆದರೂ ಸೋರಿಕೆಯೆಂಬ ವಿಷಯದಲ್ಲಿ ತನ್ನನ್ನು ಮೀರಿಸುವವರಿಲ್ಲವೆಂಬ ನಂಬಿಕೆ ಆತನಿಗೆ ನಿವೃತ್ತಿವೇತನದೊಡನೆಯೇ ಮಂಜೂರಾಗಿತ್ತು.

ಆ ನಂಬಿಕೆಗೊಂದು ಕೆಲಸ ೨೦೧೧ರ ಮಾರ್ಚ್ ೧೪, ಸೋಮವಾರದಂದು ದೊರೆಯಿತು. (ಮಂಗಳವಾರವೆಂದು ನನ್ನ ಹೆಂಡತಿ ವಾದಿಸುತ್ತಾಳೆ, ತಪ್ಪು.) ಅಂದು ಆತ, ಕಾಡುಮೇಡು ಹತ್ತುವ, ನಾಲ್ಕು ಚಕ್ರಕ್ಕೂ ಎಳೆತವಿರುವ ಹಳೆಯ ಜೀಪೊಂದನ್ನು ಹರಾಜಿನಲ್ಲಿ ಹಿಡಿದು ಮನೆಗೆ ತಂದ. ಆತನಾದರೋ ಜೀವಮಾನದಲ್ಲಿ ತನ್ನ ಮನೆಯ ತಾರಸಿಗಿಂತ ಎತ್ತರದ ಜಾಗ ಹತ್ತಿದವನಲ್ಲ. ಜೀಪು ಅಂಗಳದಲ್ಲಿ ನಿಂತಿತು. ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕಿಸಿತು. ಬಿಚ್ಚಿದ ಭಾಗಗಳೂ, ಇರಲೆಂದು ಗುಜರಿಯಿಂದ ತಂದ ಇನ್ನೊಂದು ಗೇರ್‌ಬಾಕ್ಸೂ ಮುಂದಿನ ಕೋಣೆಯನ್ನು ಆಕ್ರಮಿಸಿದವು.

ಆ ಕೋಣೆ ನನ್ನ ನಾದಿನಿಯದು. ಕಿಟಕಿಯ ಬೆಳಕಿನಲ್ಲಿ ಹೊಲಿಗೆಯಂತ್ರವಿಟ್ಟುಕೊಂಡು ಆಕೆ ನೆರೆಹೊರೆಯ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಈಗ ಯಂತ್ರ ಅಡುಗೆಮನೆಯ ಪಕ್ಕದ ಓಣಿಯಂಥ ಇಕ್ಕಟ್ಟಿಗೆ ಬಂದಿತು. ಅಳತೆ ಕೊಡಲು ಬಂದವರಿಗೆ ನಿಲ್ಲುವಷ್ಟೂ ಜಾಗವಿಲ್ಲ. ಒಬ್ಬೊಬ್ಬರೇ ಬರುವುದನ್ನು ಬಿಟ್ಟರು. ೨೦೧೩ರ ಜನವರಿ ೨೦ರ ಭಾನುವಾರ ಆಕೆ ನನ್ನನ್ನು ಕರೆಸಿ, ಗಂಡನ ಮುಂದೆಯೇ ಷರತ್ತು ಹಾಕಿದಳು.

"ಭಾವ, ನೀವೇ ಸಾಕ್ಷಿ. ಮುಂದಿನ ತಿಂಗಳು ಹದಿನೇಳಕ್ಕೆ ಇವ್ರು ಬೆಳಗ್ಗೆ ಇಂಜಿನ್ ಓಡಿಸಿ ನಿಲ್ಲಿಸ್ಲಿ. ಸಂಜೆವರೆಗೆ ಅಂಗಳ ಒಣಗೇ ಇದ್ರೆ ರೂಮು ಗಾಡಿ ಸಾಮಾನಿಗೇ ಇರ್ಲಿ, ನಾನು ಹೊಲಿಗೆ ಬಿಟ್ಟುಬಿಡ್ತೀನಿ. ಆದ್ರೆ ಅವತ್ತಾಗ್ಲಿ ಆಮೇಲಾಗ್ಲಿ, ಅಂಗಳಕ್ಕೆ ಒಂದು ತೊಟ್ಟು ಬಿತ್ತೋ, ಗಾಡಿ ಗುಜರಿಗೆ, ರೂಮು ನನಗೆ."

"ಒಪ್ಪಿದೆ ಕಣೇ! ಒಂದು ತೊಟ್ಟು ತೋರ್ಸು, ಮೀಸೆ ಬೋಳಿಸ್ತೀನಿ," ಎಂದ ಷಡ್ಡಕ.

"ಮೀಸೆ ಯಾರಿಗ್ರೀ ಬೇಕು? ರೂಮು ಕೊಡಿ."

ಅಂದಿನಿಂದ ನಡೆದದ್ದನ್ನು ದುರಸ್ತಿಯೆಂದು ಕರೆಯಲು ನನ್ನ ಲೇಖನಿ ಒಪ್ಪುವುದಿಲ್ಲ. ಇಂಜಿನ್ನಿನ ಮೇಲ್ಮುಚ್ಚಳದಡಿ ಎಣ್ಣೆ ತಡೆಯುವ ಪ್ಯಾಕಿಂಗನ್ನು ಆತ ಕ್ಯಾಲೆಂಡರಿನ ರಟ್ಟಿನಲ್ಲಿ ಕತ್ತರಿಸಿದ. ಬಲಿಯಾದದ್ದು ನಾನು ಜೋಪಾನವಾಗಿಟ್ಟಿದ್ದ ೨೦೦೭ರ ಕ್ಯಾಲೆಂಡರು. ಇದನ್ನು ನಾನಿನ್ನೂ ಕ್ಷಮಿಸಿಲ್ಲ. ಕೊಳಾಯಿ ಸ್ಪ್ಯಾನರಿನಿಂದ ಬೋಲ್ಟುಗಳ ಕತ್ತು ಹಿಸುಕಿದ. ಸಂದುಗಳಿಗೆಲ್ಲ ಗೋಡೆಗೆ ಗಾರೆ ಬಳಿದಂತೆ ಅಂಟು ಬಳಿದ. ಅದರಲ್ಲಿ ಒಂದು ಪಾಲು ಆತನ ಕನ್ನಡಕಕ್ಕೂ ಕಾಫಿ ಲೋಟಕ್ಕೂ ಸಂದಿತು.

ಇಷ್ಟಾದರೂ ಇಂಜಿನ್ನಿನ ಪಕ್ಕದ ಒಂದು ಸಣ್ಣ ಕೊಳವೆಯ ಬಾಯಿಂದ ಎಣ್ಣೆಯ ಹನಿ ಬೀಳುವುದು ನಿಲ್ಲಲಿಲ್ಲ. ಆ ಕೊಳವೆ ಇರುವುದೇ ಇಂಜಿನ್ನು ಉಸಿರು ಬಿಡುವುದಕ್ಕೆ. ಒಳಗಿನ ಬಿಸಿ ಹಬೆಗೆ ಅದೊಂದೇ ದಾರಿ. ಷಡ್ಡಕ ಅದಕ್ಕೆ ರಬ್ಬರಿನ ಬಿರಡೆ ಜಡಿದು, ತಂತಿ ಬಿಗಿದ.

"ಇದೇನಯ್ಯಾ, ಅದರ ಮೂಗು ಮುಚ್ಚಿದೀಯ?" ಎಂದೆ ನಾನು.

"ಪೈಪಿನ ಬಾಯಿ ತೆರೆದಿಟ್ರೆ ಸೋರದೆ ಇರುತ್ತಾ ಅಣ್ಣಾ? ಮಾಡಿದೋರಿಗೆ ಅಷ್ಟೂ ಹೊಳೆದಿಲ್ಲ. ಎಲ್ಲಿ ಸೋರುತ್ತೋ ಅಲ್ಲಿ ಮುಚ್ಚು, ನಮ್ಮ ಆಫೀಸಿನ ಮೊದಲನೇ ಪಾಠ."

"ಅದು ನೀರಿನ ಪೈಪಲ್ಲಪ್ಪಾ. ಒಳಗಿನ ಹಬೆ ಹೊರಗೆ ಹೋಗೋದು ಬೇಡವೇ?"

"ನೀವು ಕನ್ನಡ ಮೇಷ್ಟ್ರು, ವ್ಯಾಕರಣ ನೋಡ್ಕೊಳ್ಳಿ."

ಫೆಬ್ರವರಿ ೧೭ ಬಂದಿತು. ಬೆಳಗ್ಗೆ ಆತ ಇಂಜಿನ್ನನ್ನು ಮಗುವನ್ನು ತಟ್ಟಿದಂತೆ ನಾಲ್ಕು ನಿಮಿಷ ಮೆಲ್ಲಗೆ ಓಡಿಸಿ ನಿಲ್ಲಿಸಿ, ಕೆಳಗೆ ಬಿಳಿಯ ಹಾಸು ಹರಡಿದ. ಸಂಜೆಯ ಹೊತ್ತಿಗೂ ಹಾಸಿನ ಮೇಲೆ ಒಂದೂ ಕಲೆಯಿರಲಿಲ್ಲ. ಷರತ್ತು ಷರತ್ತೇ, ನಾನು ಹಾಗೆಂದೇ ತೀರ್ಪು ಕೊಟ್ಟೆ. ನಾದಿನಿ ಒಳಗೆ ಹೋಗಿ ಯಂತ್ರದ ಮೇಲೆ ಬಟ್ಟೆ ಮುಚ್ಚಿದಳು.

ಬುದ್ಧಿಯಿದ್ದವನು ಅಲ್ಲಿಗೆ ಸುಮ್ಮನಾಗುತ್ತಿದ್ದ. ಗೆಲುವನ್ನು ಬೀದಿಗೆ ತೋರಿಸದಿದ್ದರೆ ಈತನಿಗೆ ಅನ್ನ ಅರಗದು. "ಏರು ಹತ್ತಿಸ್ತೀನಿ, ನೋಡ್ತಿರಿ!" ಎಂದವನೇ ಜೀಪನ್ನು ಹೊರಗೋಡಿಸಿ, ಬೀದಿಯ ಕೊನೆಯ ಏರಿನತ್ತ ಗರ್ಜಿಸುತ್ತ ಹೋದ. ಅರ್ಧ ಏರಿನಲ್ಲಿ ಡಬ್ಬೆಂದಿತು. ಕಟ್ಟಿಕೊಂಡ ಹಬೆ ಇಂಜಿನ್ನಿನ ಹಿಂಬದಿಯ ಎಣ್ಣೆ ಸೀಲನ್ನೇ ಕಿತ್ತೆಸೆದಿತ್ತು. ಎಣ್ಣೆ ಕ್ಲಚ್ಚಿಗೆ ನುಗ್ಗಿತು; ಇಂಜಿನ್ನು ಕಿರುಚಿದರೂ ಚಕ್ರ ಮುಂದೆ ಸರಿಯಲಿಲ್ಲ. ಜೀಪು ಕಪ್ಪು ಗೆರೆ ಎಳೆಯುತ್ತ ಹಿಂದಕ್ಕೆ ಜಾರಿ, ಗೇಟಿನ ಹತ್ತಿರ ಬಂದು ನಿಂತಿತು.

"ಡಾಂಬರು ಹಾಕ್ಸೋಕೆ ಹೊರಟ್ರಾ ಸಾರ್?" ಎಂದ ಎದುರಿನ ಇಸ್ತ್ರಿಯವನು.

ಷಡ್ಡಕ ಕೆಳಗಿಳಿದು ನನ್ನತ್ತ ಬೆರಳು ಚಾಚಿದ. "ಅಣ್ಣಾ, ತೀರ್ಪು ಬದಲಾಯ್ಸೋ ಹಾಗಿಲ್ಲ! ಇದು ಬೀದಿ. ಷರತ್ತು ಅಂಗಳದ್ದು."

ಮಾತು ಸರಿಯಿತ್ತು, ನಾನು ಒಪ್ಪಲೇಬೇಕಾಯಿತು. ಗದ್ದಲ ಕೇಳಿ ನಾದಿನಿ ಹೊರಬಂದಳು. ಗೇಟಿನ ಎರಡೂ ಬಾಗಿಲುಗಳನ್ನು ಅಗಲವಾಗಿ ತೆರೆದು ಪಕ್ಕಕ್ಕೆ ನಿಂತಳು.

"ಹೌದು ಭಾವ, ಬೀದಿ ಲೆಕ್ಕಕ್ಕಿಲ್ಲ. ಏನ್ರೀ, ತನ್ನಿ ಒಳಗೆ."

ಆತ ಜೀಪಿನ ಅಡಿ ನೋಡಿದ, ಅಂಗಳ ನೋಡಿದ. ಕೊನೆಗೆ ತಗ್ಗಿದ ದನಿಯಲ್ಲಿ, "ಒಂದು ಬೋಗುಣಿ ಕೊಡೇ," ಎಂದ. ಆಕೆಯೇ ತಂದುಕೊಟ್ಟಳು. ಇಸ್ತ್ರಿಯವನೂ ಇನ್ನಿಬ್ಬರೂ ಜೀಪನ್ನು ತಳ್ಳಿದರು. ಇಂಜಿನ್ನಿನಡಿಗೆ ಬೋಗುಣಿ ಚಾಚಿಕೊಂಡು ಈ ಸೋರಿಕೆ ತಜ್ಞ ಪಕ್ಕದಲ್ಲಿ ಮೊಣಕಾಲೂರಿ ತೆವಳಿದ. ಹೊಸ್ತಿಲ ಕಲ್ಲು ದಾಟುವಾಗ ಜೀಪು ಕುಕ್ಕಿತು. ಬೋಗುಣಿ ಮಗುಚಿತು.

"ಒಂದು ತೊಟ್ಟಲ್ಲ ಕಣಯ್ಯಾ, ಒಂದು ಬೋಗುಣಿ," ಎಂದು ನಾನು ಎರಡನೆಯ ತೀರ್ಪು ಕೊಟ್ಟೆ.

ಆತ ಎಣ್ಣೆಯಲ್ಲೇ ಕುಳಿತು, ಬಿರಡೆ ಮಾತ್ರ ಅಲ್ಲಾಡಿಲ್ಲವೆಂದು ಇಸ್ತ್ರಿಯವನಿಗೆ ತೋರಿಸುತ್ತಿದ್ದ. ನಾದಿನಿ ಅತ್ತ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಆಗಲೇ ಮುಂದಿನ ಕೋಣೆಗೆ ನಡೆದಿದ್ದಳು.

"ಭಾವ, ಬನ್ನಿ. ಮೊದಲು ಈ ಗೇರ್‌ಬಾಕ್ಸ್ ಎತ್ತೋಣ. ಕಿಟಕಿ ತೆಗೆಯೋಕೆ ಅಡ್ಡ ಇದೆ."